ವಿಡಿಯೋ ಲೆನ್ಸನ್ನು 16 ಎಂಎಂ, 8 ಎಂಎಂ ಫಿಲ್ಮ್ ಕ್ಯಾಮೆರಾಗೆ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹಳೇ ಸಿಸಿಟಿವಿ ಬಿಚ್ಚಿ ಹೊಸದು ಕೂರಿಸುವವರ ಅಂಗಡಿಗೆ ಹೋದರೆ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಕಾಣುತ್ತದೆ. ಬ್ಯಾಂಕು, ಮಿಲ್ಲು, ಗೋಡೌನುಗಳಿಂದ ಇಳಿಸಿದ ಬಾಕ್ಸ್ ಕ್ಯಾಮೆರಾಗಳ ಲೆನ್ಸು ಅದರಲ್ಲಿರುತ್ತವೆ. ಅವು ಕೊನೆಗೆ ಗುಜರಿಗೆ ಹೋಗುತ್ತವೆ. ಇನ್ನೊಂದು ಕಡೆ, ಮನೆಯ ಅಟ್ಟದಿಂದ ಬೋಲೆಕ್ಸೋ ಬೆಲ್ ಅಂಡ್ ಹೋವೆಲ್ಲೋ ಹಳೇ ಫಿಲ್ಮ್ ಕ್ಯಾಮೆರಾ ಇಳಿಸಿದ ಹುಡುಗರು ಲೆನ್ಸ್ ಇಲ್ಲ ಅಂತ ಕೈಕಟ್ಟಿ ಕೂತಿರುತ್ತಾರೆ. ಈ ಇಬ್ಬರನ್ನೂ ಸೇರಿಸಬೇಕು ಅನ್ನುವುದೇ ಇದನ್ನು ಬರೆಯಲು ಕಾರಣ. ಆ ಡಬ್ಬದಲ್ಲಿ ನಿಜಕ್ಕೂ ಒಳ್ಳೆಯ ಗಾಜು ಇದೆ. ಆದರೆ ಲೆನ್ಸ್ ತಿರುಗಿಸಿದಾಗ ಕೂತಿತು ಅಂದ ಮಾತ್ರಕ್ಕೆ ಕೆಲಸ ಆಯ್ತು ಅಂತಲ್ಲ. ಕೂತ ಮೇಲೆ ನೋಡಬೇಕಾದ್ದೇ ಜಾಸ್ತಿ.

ಸಿಸಿಟಿವಿ ಲೆನ್ಸು ಸಿನಿಮಾ ಕ್ಯಾಮೆರಾಗೆ ಕೂರೋದಾದರೂ ಹೇಗೆ?

ಎರಡರದ್ದೂ ಒಂದೇ ಮನೆತನ. ಕೊಡಕ್ 1923ರಲ್ಲಿ 16 ಎಂಎಂ ಫಿಲ್ಮ್ ತಂದಿತು. ಅದೇ ವರ್ಷ ಬೆಲ್ ಅಂಡ್ ಹೋವೆಲ್‌ನ ಫಿಲ್ಮೋ 70 ಬಂತು. ಆ ಕ್ಯಾಮೆರಾಗಳ ಜೊತೆ ಬೆಳೆದದ್ದು ಸಿ ಮೌಂಟ್, ಅಂದರೆ ಲೆನ್ಸ್ ತಿರುಗಿಸಿ ಕೂರಿಸುವ ಬಾಯಿಯ ಒಂದು ಅಳತೆ: ಒಂದು ಇಂಚು ವ್ಯಾಸ, ಇಂಚಿಗೆ 32 ಥ್ರೆಡ್. ಮುಂದೆ ಚಿಕ್ಕ ಟಿವಿ ಕ್ಯಾಮೆರಾಗಳು ಬಂದಾಗ ಹೊಸ ಮೌಂಟ್ ಮಾಡುವ ಅಗತ್ಯವೇ ಬೀಳಲಿಲ್ಲ. ಲೆನ್ಸು ಮೊದಲೇ ಸಿಗುತ್ತಿದ್ದವು, ಅದೇ ಥ್ರೆಡ್ ಉಳಿಯಿತು. ಕಾವಲು ಕ್ಯಾಮೆರಾಗೂ, ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಮಷಿನ್ ವಿಷನ್ ಕ್ಯಾಮೆರಾಗೂ ಇಂದಿಗೂ ಅದೇ ನಡೆಯುತ್ತಿದೆ. ಕೊಡಕ್ ಈಚೆಗೆ ಹೊರತಂದ ಸೂಪರ್ 8 ಕ್ಯಾಮೆರಾದ್ದೂ ಸಿ ಮೌಂಟೇ.

ಈಗಿನ ಡೋಮ್, ಬುಲೆಟ್ ಕ್ಯಾಮೆರಾಗಳ ಲೆನ್ಸು?

ಬರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು 12 ಎಂಎಂ ವ್ಯಾಸದ ಪುಟ್ಟ ತಿರುಪಿನ ಲೆನ್ಸು. ಕಣ್ಣಿಗೆ ಬೀಳುವ ಹಾಗೆ ಮುಂದೆ ಲೆನ್ಸ್ ಚಾಚಿಕೊಂಡಿರುವ ಹಳೇ ಬಾಕ್ಸ್ ಕ್ಯಾಮೆರಾದ್ದನ್ನೇ ಹುಡುಕಿ.

ನನ್ನ ಹತ್ತಿರ ಇರೋದು ಸಿ ಮೌಂಟೋ, ಸಿಎಸ್ ಮೌಂಟೋ? ನೋಡಿದರೆ ಎರಡೂ ಒಂದೇ ಥರ ಇವೆ.

ಎಲ್ಲರೂ ಎಡವುವುದು ಇಲ್ಲೇ. ಥ್ರೆಡ್ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಲೆನ್ಸಿನ ಭುಜದಿಂದ, ಅಂದರೆ ಕ್ಯಾಮೆರಾಗೆ ತಾಗಿ ನಿಲ್ಲುವ ಅಂಚಿನಿಂದ, ಫಿಲ್ಮಿನವರೆಗಿನ ದೂರದಲ್ಲಿ. ಸಿ ಮೌಂಟಿಗೆ ಅದು 17.526 ಎಂಎಂ. ಸಿಎಸ್‌ಗೆ 12.526 ಎಂಎಂ. ಸರಿಯಾಗಿ 5 ಎಂಎಂ ಅಂತರ.

ಮೈಮೇಲೆ ಬರೆದಿದ್ದರೆ ನಂಬಿ. ಬರೆದಿಲ್ಲದಿದ್ದರೆ ಕಾಗದದ ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಒಂದು ಕೋಣೆಯ ಬಾಗಿಲು ಹಾಕಿ, ಒಂದೇ ಕಿಟಕಿ ತೆರೆದಿಡಿ. ದೂರದ ವಸ್ತು ಕಾಣಬೇಕು: ಎರಡು ಬೀದಿ ಆಚೆಯ ನೀರಿನ ಟ್ಯಾಂಕ್ ಆದರೆ ಸಾಕು. ಲೆನ್ಸಿನ ಫೋಕಸ್ ಇನ್ಫಿನಿಟಿಗೆ (ಅತಿ ದೂರಕ್ಕೆ) ತಿರುಗಿಸಿ, ಐರಿಸ್, ಅಂದರೆ ಬೆಳಕಿನ ತೂತನ್ನು ಹಿಗ್ಗಿಸಿ ಕುಗ್ಗಿಸುವ ಎಲೆಗಳನ್ನು, ಪೂರ್ತಿ ತೆರೆಯಿರಿ. ಲೆನ್ಸನ್ನು ಕಿಟಕಿ ಕಡೆ ಹಿಡಿದು ಹಿಂದೆ ಒಂದು ಬಿಳಿ ಕಾಗದ ಇಡಿ. ಕಾಗದವನ್ನು ಮುಂದೆ ಹಿಂದೆ ಮಾಡುತ್ತಾ ಹೋದರೆ ಒಂದು ಜಾಗದಲ್ಲಿ ಟ್ಯಾಂಕು ತಲೆಕೆಳಗಾಗಿ, ಚಿಕ್ಕದಾಗಿ, ಗೆರೆ ಗೆರೆ ಕಾಣುವಷ್ಟು ಸ್ಪಷ್ಟವಾಗಿ ಮೂಡುತ್ತದೆ. ಅಲ್ಲೇ ನಿಲ್ಲಿಸಿ ಲೆನ್ಸಿನ ಭುಜದಿಂದ ಕಾಗದಕ್ಕೆ ಸ್ಕೇಲ್ ಹಿಡಿಯಿರಿ. ಹದಿನೇಳೂವರೆ ಹತ್ತಿರ ಬಂದರೆ ಸಿ. ಹನ್ನೆರಡೂವರೆ ಹತ್ತಿರ ಬಂದರೆ ಸಿಎಸ್. ಐದು ಎಂಎಂ ಅಂತರವಾದ್ದರಿಂದ ಶಾಲೆಯ ಸ್ಕೇಲಿನಲ್ಲೇ ಗೊತ್ತಾಗುತ್ತದೆ.

ಸಿಎಸ್ ಲೆನ್ಸನ್ನು ಸಿ ಮೌಂಟ್ ಕ್ಯಾಮೆರಾಗೆ ಹಾಕಲೇಬೇಕು ಅಂದರೆ? ಲೇತ್‌ನಲ್ಲಿ ಸ್ವಲ್ಪ ಕಡಿಸಿದರೆ ಆಗಲ್ವಾ?

ಆಗುವುದಿಲ್ಲ. ಆ ಲೆನ್ಸ್ ಫಿಲ್ಮಿಗೆ ಇನ್ನೂ 5 ಎಂಎಂ ಹತ್ತಿರ ಹೋಗಬೇಕು. ಅಂದರೆ ಕ್ಯಾಮೆರಾದ ಹೊಟ್ಟೆಯೊಳಗೇ ಇಳಿಯಬೇಕು. ಅಲ್ಲಿ ಶಟರ್ ಇದೆ. ಹಾಗೇ ಹಾಕಿದರೆ 5 ಎಂಎಂ ಎಕ್ಸ್‌ಟೆನ್ಶನ್ ರಿಂಗ್ ಸೇರಿಸಿದ ಲೆಕ್ಕ. 8 ಎಂಎಂ ಲೆನ್ಸಾದರೆ (ಇದು ಫಿಲ್ಮಿನ ಅಳತೆಯಲ್ಲ, ಲೆನ್ಸಿನ ಫೋಕಲ್ ಲೆಂತ್) ಗಾಜಿನಿಂದ ಒಂದೆರಡು ಸೆಂಟಿಮೀಟರ್ ಮುಂದಿರುವುದಷ್ಟೇ ಫೋಕಸ್ ಆಗುತ್ತದೆ. ಬೇರೆ ಏನೂ ಕಾಣುವುದಿಲ್ಲ. ಆದರೆ 5ರಿಂದ 50 ಎಂಎಂನ ಸಿಎಸ್ ವೇರಿಫೋಕಲ್ (ಫೋಕಲ್ ಲೆಂತ್ ಬದಲಿಸಬಹುದಾದ ಲೆನ್ಸ್) ಇದ್ದರೆ ಎಸೆಯಬೇಡಿ. ಅದನ್ನು 50ಕ್ಕೆ ಎಳೆದರೆ ಸುಮಾರು ಅರ್ಧ ಮೀಟರ್ ದೂರದ ಚಿಟ್ಟೆ, ಹೂವು, ಕುಸುರಿ ಕೆಲಸ ಎಲ್ಲ ಚೆನ್ನಾಗಿ ಬರುತ್ತವೆ.

ತಿರುಗಾ ಮುರುಗಾ ಆದರೆ ತೊಂದರೆಯೇ ಇಲ್ಲ: ಸಿ ಲೆನ್ಸನ್ನು ಸಿಎಸ್ ಕ್ಯಾಮೆರಾಗೆ 5 ಎಂಎಂ ಉಂಗುರ ಹಾಕಿ ಕೂರಿಸಬಹುದು. ಅದಕ್ಕೇ ಹಳೇ ಬಾಕ್ಸ್ ಕ್ಯಾಮೆರಾದಿಂದ ಲೆನ್ಸ್ ಬಿಚ್ಚುವಾಗ ಮಧ್ಯೆ ಒಂದು ಉಂಗುರ ಸಿಕ್ಕಿದರೆ ಖುಷಿಪಡಿ. ನಿಮ್ಮ ಕೈಯಲ್ಲಿರುವುದು ಸಿ ಲೆನ್ಸ್.

ಲೆನ್ಸ್ ಮೇಲೆ 1/3 ಇಂಚು, 1/2 ಇಂಚು, 2/3 ಇಂಚು ಅಂತ ಇರುತ್ತಲ್ಲ, ಅದಕ್ಕೂ ನಮ್ಮ ಫಿಲ್ಮಿಗೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಲೆನ್ಸ್ ಬೀಳಿಸುವ ಚಿತ್ರ ಗೋಡೆ ಮೇಲೆ ಬಿದ್ದ ಟಾರ್ಚ್ ಬೆಳಕಿನ ಹಾಗೆ ದುಂಡಗಿರುತ್ತದೆ. ಆ ವೃತ್ತದೊಳಗೆ ಫಿಲ್ಮಿನ ಚೌಕಟ್ಟು ಪೂರ್ತಿ ಹಿಡಿಯಬೇಕು. ಹಿಡಿಯದಿದ್ದರೆ ಮೂಲೆ ಕಪ್ಪಾಗುತ್ತದೆ.

ಆದರೆ ಬರೆದ ಇಂಚನ್ನು ಸ್ಕೇಲಿನ ಇಂಚು ಅಂದುಕೊಳ್ಳಬೇಡಿ. ಅದು ಹಳೇ ಟಿವಿ ಟ್ಯೂಬಿನ ಹೊರ ವ್ಯಾಸದ ಲೆಕ್ಕ. ಚಿತ್ರ ಮೂಡುತ್ತಿದ್ದ ಜಾಗ ಅದಕ್ಕಿಂತ ಬಹಳ ಚಿಕ್ಕದು. 1 ಇಂಚಿನ ಲೆನ್ಸಿಗೆ ಮೂಲೆಯಿಂದ ಮೂಲೆಗೆ 16 ಎಂಎಂ. 2/3ಕ್ಕೆ 11, 1/2ಕ್ಕೆ 8, 1/3ಕ್ಕೆ 6.

ಈಗ ಫಿಲ್ಮ್ ನೋಡಿ. ಮಾಮೂಲಿ 16 ಎಂಎಂ ಚೌಕಟ್ಟು 10.26 ಗುಣಿಸು 7.49 ಎಂಎಂ, ಮೂಲೆಯಿಂದ ಮೂಲೆಗೆ 12.7. ಅದೇ ಫಿಲ್ಮಿನಲ್ಲಿ ಇನ್ನೂ ಅಗಲ ಚೌಕಟ್ಟು ತೆಗೆಯುವ ಸೂಪರ್ 16 ಆದರೆ ಸುಮಾರು 14.5. ಸೂಪರ್ 8 ಸುಮಾರು 7. ಅದಕ್ಕೂ ಮುಂಚಿನ 8 ಎಂಎಂ ಆದ ಹಳೇ ಡಬಲ್ 8 ಸುಮಾರು 6.

ಹಾಗಾಗಿ 1 ಇಂಚಿನ ಲೆನ್ಸ್ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಸೂಪರ್ 16ಕ್ಕೂ ಸಾಕು. ಕ್ಯಾನನ್‌ನ ಟಿವಿ-16 ಸರಣಿ, ಕಾಸ್ಮಿಕಾರ್, ಫುಜಿನಾನ್‌ಗಳ 1 ಇಂಚಿನ ಲೆನ್ಸುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 1/2 ಇಂಚಿನದು ಸೂಪರ್ 8ಕ್ಕೆ ಸರಿ, 16ಕ್ಕೆ ಸಾಲದು.

2/3 ಇಂಚಿನದ್ದು ಮಾತ್ರ ಲೆಕ್ಕದಲ್ಲಿ ಸೋಲುತ್ತದೆ, ಕೈಯಲ್ಲಿ ಎಷ್ಟೋ ಸಲ ಗೆಲ್ಲುತ್ತದೆ. ತಯಾರಕರು ಬರೆಯುವುದು ಭರವಸೆ ಕೊಡಬಹುದಾದ ಅಳತೆ, ನಿಜವಾದ ವೃತ್ತ ಅದಕ್ಕಿಂತ ದೊಡ್ಡದಿರಬಹುದು. 25, 50 ಎಂಎಂನಂಥ ಉದ್ದ ಲೆನ್ಸುಗಳಲ್ಲಿ ಹೀಗೆ ಇರುವುದು ಸಾಮಾನ್ಯ. 6, 8 ಎಂಎಂನಂಥ ಅಗಲ ಲೆನ್ಸುಗಳಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ.

ಫಿಲ್ಮ್ ಖರ್ಚು ಮಾಡದೆ ಮೂಲೆ ಕಪ್ಪಾಗುತ್ತಾ ಅಂತ ನೋಡೋದು ಹೇಗೆ?

ಗೆಳೆಯರ ಹತ್ತಿರ ಮೈಕ್ರೋ ಫೋರ್ ಥರ್ಡ್ಸ್ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಸಿ ಮೌಂಟ್ ಅಡಾಪ್ಟರ್ ಹಾಕಿ ನೋಡಿ. ಅದರ ಸೆನ್ಸರ್ 17.3 ಗುಣಿಸು 13 ಎಂಎಂ. ನಮ್ಮ ಫಿಲ್ಮಿಗಿಂತ ದೊಡ್ಡದಾದ್ದರಿಂದ ಲೆನ್ಸಿನ ವೃತ್ತ ಪರದೆ ಮೇಲೆ ಹಾಗೇ ಕಾಣುತ್ತದೆ. ಒಂದು ಫೋಟೋ ತೆಗೆದು ಅಳತೆ ಮಾಡಿಕೊಳ್ಳಿ. ಐರಿಸ್ ತೆರೆದು ಒಂದು, ಎಫ್ 8ರಲ್ಲಿ ಒಂದು, ಎರಡೂ ತೆಗೆಯಿರಿ (ಎಫ್ ಅಂಕಿ ದೊಡ್ಡದಾದಷ್ಟೂ ಐರಿಸ್ ತೂತು ಚಿಕ್ಕದು). ಐರಿಸ್ ಮುಚ್ಚಿದಾಗ ವೃತ್ತದ ಅಂಚು ಗಟ್ಟಿಯಾಗುತ್ತದೆ. ತೆರೆದಾಗ ಮಸುಕಾಗಿದ್ದ ಮೂಲೆ ಆಗ ಪೂರ್ತಿ ಕಪ್ಪಾಗಿ ಕಾಣಬಹುದು.

ಕ್ಯಾಮೆರಾ ಇಲ್ಲವೆಂದರೆ ಮೇಲೆ ಹೇಳಿದ ಕಾಗದದ ಮೇಲೇ 10.26 ಗುಣಿಸು 7.49ರ ಚೌಕಟ್ಟು ಬರೆದು ಹಿಡಿಯಿರಿ. ಒರಟು ಲೆಕ್ಕ, ಆದರೂ ಕೆಟ್ಟ ಲೆನ್ಸನ್ನು ಅಲ್ಲೇ ಬೇರೆ ಮಾಡಬಹುದು.

ನನ್ನದು ಬೋಲೆಕ್ಸ್ ರಿಫ್ಲೆಕ್ಸ್. ಬೇರೆ ಲೆನ್ಸ್ ಹಾಕಬೇಡಿ ಅಂತಾರಲ್ಲ, ನಿಜವಾ?

ಅರ್ಧ ನಿಜ. ಬೋಲೆಕ್ಸ್ ಎಚ್16 ಎರಡು ಜಾತಿ. 1935ರಿಂದ ಬಂದ ಹಳೆಯದಕ್ಕೆ ಲೆನ್ಸ್ ಮೂಲಕ ನೋಡುವ ವ್ಯವಸ್ಥೆ ಇಲ್ಲ. ಅದಕ್ಕೆ ಯಾವ ಸಾಮಾನ್ಯ ಸಿ ಲೆನ್ಸ್ ಹಾಕಿದರೂ ತಕರಾರಿಲ್ಲ. 1956ರಿಂದ ಬಂದ ರಿಫ್ಲೆಕ್ಸಿನಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಗಾಜಿನ ಪ್ರಿಸಮ್ ಇದೆ. ಬೆಳಕಿನ ಕಾಲು ಭಾಗದಷ್ಟನ್ನು ಅದು ವ್ಯೂಫೈಂಡರಿಗೆ ಕಳಿಸುತ್ತದೆ, ಉಳಿದದ್ದು ಫಿಲ್ಮಿಗೆ.

ಇಷ್ಟು ದಪ್ಪ ಗಾಜಿನ ಮೂಲಕ ಓರೆಯಾಗಿ ಹಾದುಬಂದ ಕಿರಣಗಳು ಒಂದೇ ಬಿಂದುವಿಗೆ ಬಂದು ಸೇರುವುದಿಲ್ಲ. ಐರಿಸ್ ದೊಡ್ಡದಾಗಿ ತೆರೆದಷ್ಟೂ ಇದು ಜಾಸ್ತಿ. ಅದಕ್ಕಾಗಿಯೇ 50 ಎಂಎಂ ಮತ್ತು ಅದಕ್ಕಿಂತ ಕಡಿಮೆಯವಕ್ಕೆ ಆರ್‌ಎಕ್ಸ್ ಅನ್ನುವ ಬೇರೆ ಲೆನ್ಸು ಮಾಡಿದರು. ಪ್ರಿಸಮ್ಮಿನ ದೋಷವನ್ನು ಲೆನ್ಸಿನಲ್ಲೇ ಲೆಕ್ಕ ಹಾಕಿ ಸರಿದೂಗಿಸಿದ್ದಾರೆ.

ನನ್ನ ಅಭಿಪ್ರಾಯ ಇಷ್ಟು: ಬಿಸಿಲಲ್ಲಿ ಎಫ್ 5.6ರಿಂದ ಆಚೆಗೆ ತೆಗೆಯುವವರು ಧೈರ್ಯವಾಗಿ ಸಾಮಾನ್ಯ ಲೆನ್ಸ್ ಹಾಕಿ, ವ್ಯತ್ಯಾಸ ಹುಡುಕಬೇಕಾಗುತ್ತದೆ. ಸಂಜೆ ಮೇಲೆ ಎಫ್ 1.4ರಲ್ಲಿ ದುಗ್ಗಮ್ಮನ ಜಾತ್ರೆಯ ದೀಪ ತೆಗೆಯುವವರು ಆರ್‌ಎಕ್ಸ್ ಲೆನ್ಸನ್ನೇ ಹುಡುಕಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲವು ಸಿಸಿಟಿವಿ ಲೆನ್ಸುಗಳ ಹಿಂಭಾಗ ಥ್ರೆಡ್‌ಗಿಂತ ಆಚೆ ಚಾಚಿರುತ್ತದೆ. ಬೋಲೆಕ್ಸಿನಲ್ಲಿ ಅದು ಪ್ರಿಸಮ್ಮಿಗೆ, ಬೋಲ್ಯೂ ಕ್ಯಾಮೆರಾದಲ್ಲಿ ಮೇಲೆ ಕೆಳಗೆ ಆಡುವ ಕನ್ನಡಿ ಶಟರಿಗೆ ತಗಲುತ್ತದೆ. ಗೀರು ಬಿದ್ದ ಪ್ರಿಸಮ್ ಸರಿ ಮಾಡುವವರು ನಮ್ಮ ಕಡೆ ಸಿಗುವುದಿಲ್ಲ. ಆ ಕ್ಯಾಮೆರಾದ ಮೂಲ ಲೆನ್ಸ್ ಒಂದನ್ನು ಪಕ್ಕದಲ್ಲಿಟ್ಟು, ಭುಜದಿಂದ ಹಿಂದಕ್ಕೆ ಎಷ್ಟು ಚಾಚಿದೆ ಅಂತ ವರ್ನಿಯರ್‌ನಲ್ಲಿ ಹೋಲಿಸಿ. ಜಾಸ್ತಿ ಇದ್ದರೆ ಹಾಕಲೇಬೇಡಿ. ಇಲ್ಲದಿದ್ದರೂ ಮೊದಲ ಸಲ ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ.

ಲೆನ್ಸಿನಿಂದ ಒಂದು ವೈರು ನೇತಾಡುತ್ತಿದೆ. ಒಳಗೆ ನೋಡಿದರೆ ಪೂರ್ತಿ ಕತ್ತಲು. ಹಾಳಾಗಿದೆಯಾ?

ಹಾಳಾಗಿಲ್ಲ. ಅದು ಆಟೋ ಐರಿಸ್ ಲೆನ್ಸ್. ಕರೆಂಟ್ ಇಲ್ಲದಾಗ ಒಳಗಿನ ಸ್ಪ್ರಿಂಗ್ ಐರಿಸನ್ನು ಮುಚ್ಚಿಬಿಡುತ್ತದೆ. ಫಿಲ್ಮ್ ಕ್ಯಾಮೆರಾಗೆ ಇದು ಬೇಡ. ಬಿಚ್ಚಿ ಐರಿಸ್ ತೆರೆದಿಟ್ಟುಕೊಂಡವರು ಇದ್ದಾರೆ. ಆದರೆ ಆಮೇಲೆ ಯಾವಾಗಲೂ ಒಂದೇ ಅಪರ್ಚರ್, ನಮ್ಮ ಬಿಸಿಲಿಗೆ ಅದು ನಡೆಯುವುದಿಲ್ಲ. ಕೆಲವದರ ಐರಿಸ್ ನಡುವೆ ಒಂದು ಕಪ್ಪು ಚುಕ್ಕೆಯ ಫಿಲ್ಟರ್ ಬೇರೆ ಇರುತ್ತದೆ, ಎಫ್ 360ರವರೆಗೆ ಬೆಳಕು ಇಳಿಸಲು. ಕೈಯಿಂದ ತಿರುಗಿಸುವ ಐರಿಸ್ ಇರುವುದನ್ನೇ ತೆಗೆದುಕೊಳ್ಳಿ.

ಐರಿಸ್ ರಿಂಗ್ ಮೇಲೆ ಅಂಕಿಯೇ ಇಲ್ಲ. ತೆರೆ, ಮುಚ್ಚು ಅಂತ ಎರಡು ಗುರುತು ಮಾತ್ರ ಇದೆ.

ಅಂಕಿ ನೀವೇ ಬರೆದುಕೊಳ್ಳಬೇಕು. ಮಿರರ್‌ಲೆಸ್ ಕ್ಯಾಮೆರಾಗೆ ಹಾಕಿ, ಬಿಳಿ ಗೋಡೆ ಮುಂದೆ ಐರಿಸ್ ಪೂರ್ತಿ ತೆರೆದು ಎಕ್ಸ್‌ಪೋಶರ್ ನೋಡಿಕೊಳ್ಳಿ. ಆಮೇಲೆ ರಿಂಗ್ ತಿರುಗಿಸುತ್ತಾ, ಅದೇ ಬೆಳಕಿಗೆ ಶಟರ್ ಸಮಯ ದುಪ್ಪಟ್ಟು ಬೇಕಾದ ಜಾಗಕ್ಕೆಲ್ಲ ಒಂದೊಂದು ಗುರುತು ಹಾಕಿ. ಎಫ್ 1.4ರಿಂದ ಶುರುವಾದರೆ ಮುಂದಿನದು 2, ಆಮೇಲೆ 2.8, 4, 5.6, 8, 11. ಲೆನ್ಸ್ ಸುತ್ತ ಬಿಳಿ ಟೇಪ್ ಅಂಟಿಸಿ ಸಣ್ಣ ಪೆನ್ನಲ್ಲಿ ಬರೆದರೆ ಮುಗಿಯಿತು.

ಲೆನ್ಸಿನ ದೂರದ ಅಂಕಿಗಳನ್ನು ನಂಬಬಹುದಾ?

ಪರೀಕ್ಷೆ ಮಾಡುವ ತನಕ ನಂಬಬೇಡಿ. ಟಿವಿ ಪರದೆ ನೋಡುತ್ತಾ ಫೋಕಸ್ ಮಾಡುವವರಿಗಾಗಿ ಮಾಡಿದ ಲೆನ್ಸು ಇವು, ಅಂಕಿ ಯಾರೂ ನೋಡುತ್ತಿರಲಿಲ್ಲ. ನಮಗೆ ಹಾಗಲ್ಲ. ಹಳೇ ಬೋಲೆಕ್ಸ್, ಫಿಲ್ಮೋಗಳಲ್ಲಿ ಟೇಪು ಹಿಡಿದು ದೂರ ಅಳೆದು ಆ ಅಂಕಿಗೇ ಇಡಬೇಕು.

ಎಷ್ಟು ಸೂಕ್ಷ್ಮ ಅಂತ ಒಂದು ಲೆಕ್ಕ ನೋಡಿ. ಲೆನ್ಸ್ ಇರಬೇಕಾದ ಜಾಗಕ್ಕಿಂತ ಬರೀ 0.1 ಎಂಎಂ ಮುಂದೆ ಕೂತಿದೆ ಅಂದುಕೊಳ್ಳಿ, ಕಾಗದದ ಹಾಳೆಯಷ್ಟು. 25 ಎಂಎಂ ಲೆನ್ಸಾದರೆ ಇನ್ಫಿನಿಟಿಗೆ ಇಟ್ಟಾಗ ನಿಜವಾಗಿ ಫೋಕಸ್ ಆಗುವುದು ಆರು ಮೀಟರಿಗೆ. 10 ಎಂಎಂ ಲೆನ್ಸಾದರೆ ಒಂದೇ ಮೀಟರಿಗೆ! ಅಗಲ ಲೆನ್ಸಿಗೆ ಫೋಕಸ್ ಚಿಂತೆ ಇಲ್ಲ ಅನ್ನುವ ಮಾತು ಮೌಂಟಿನ ವಿಷಯದಲ್ಲಿ ಪೂರ್ತಿ ಉಲ್ಟಾ.

ಪರೀಕ್ಷೆಗೆ ಫಿಲ್ಮ್ ಇಲ್ಲದ ಕ್ಯಾಮೆರಾದ ಬಾಗಿಲು ತೆಗೆದು, ಫಿಲ್ಮನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಸರಿಸಿ, ಗೇಟಿನ ಮೇಲೆ ಫಿಲ್ಮ್ ಕೂರುವ ಜಾಗದಲ್ಲೇ ಬೆಳಕು ಮಸುಕಾಗಿ ಹಾಯುವ ಮಂಜು ಬಣ್ಣದ ಟೇಪ್ ಅಂಟಿಸಿ. ಶಟರ್ ತೆರೆದು ನಿಲ್ಲಿಸಿ. ದೂರದ ಟವರ್ ಕಡೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ. ಗೇಟಿನ ಹಿಂದೆ ಕಣ್ಣು ಹೋಗದ ಕ್ಯಾಮೆರಾ ಆದರೆ ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ ಇಟ್ಟು ನೋಡಬಹುದು. ಇನ್ಫಿನಿಟಿ ಗುರುತಿನ ಒಳಗೇ ಟವರ್ ಸ್ಪಷ್ಟವಾದರೆ ಲೆನ್ಸ್ ಫಿಲ್ಮಿಗೆ ಕೊಂಚ ಹತ್ತಿರ ಕೂತಿದೆ. ತೆಳು ಶಿಮ್, ಅಂದರೆ ತಗಡಿನಂಥ ಉಂಗುರ, ನಡುವೆ ಹಾಕಿದರೆ ಸರಿಹೋಗುತ್ತದೆ. ಇನ್ಫಿನಿಟಿ ಮುಟ್ಟಿದರೂ ಸ್ಪಷ್ಟವಾಗದಿದ್ದರೆ ದೂರ ಕೂತಿದೆ. ಮೌಂಟಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಮೂರು ಸ್ಕ್ರೂ ಇದ್ದರೆ ಸಡಿಲಿಸಿ ಸರಿಮಾಡಬಹುದು. ಇಲ್ಲದಿದ್ದರೆ ಲೇತ್ ಕೆಲಸ.

ದಾವಣಗೆರೆಯಲ್ಲಿ ಲೇತ್ ಅಂಗಡಿಗಳಿಗೇನು ಕಡಿಮೆ. ಅಡಾಪ್ಟರ್ ಇಲ್ಲೇ ಮಾಡಿಸಬಹುದಲ್ವಾ?

ಖಂಡಿತ ಮಾಡಿಸಬಹುದು. ಮೋಟರು, ಪಂಪು, ಮಿಲ್ಲಿನ ಬಿಡಿಭಾಗ ಕಡೆದು ಪಳಗಿದ ಕೈಗಳು ಇಲ್ಲಿವೆ. ಹೋಗುವಾಗ ಬಾಯಲ್ಲಿ ಹೇಳಬೇಡಿ, ಬರೆದು ತೆಗೆದುಕೊಂಡು ಹೋಗಿ: ವ್ಯಾಸ 25.4, ಇಂಚಿಗೆ 32 ಥ್ರೆಡ್, ಇಂತಿಷ್ಟು ದಪ್ಪ. ಮೆಟ್ರಿಕ್ ಥ್ರೆಡ್ ಹಾಕಿಬಿಟ್ಟರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಕ್ಯಾಮೆರಾದ ಥ್ರೆಡ್ ಕೆಡುತ್ತದೆ. ಹಿತ್ತಾಳೆ ಒಳ್ಳೆಯದು. ಹಿತ್ತಾಳೆಯಾಗಲಿ ಅಲ್ಯೂಮಿನಿಯಮ್ ಆಗಲಿ ಒಳಮೈಗೆ ಮಂಕು ಕಪ್ಪು ಬಣ್ಣ ಹೊಡೆಯಲೇಬೇಕು, ಇಲ್ಲದಿದ್ದರೆ ಹೊಳಪು ಫಿಲ್ಮಿಗೆ ಬಡಿದು ಚಿತ್ರ ಬೆಳ್ಳಗಾಗುತ್ತದೆ. ದಪ್ಪವನ್ನು ಮೈಕ್ರೋಮೀಟರಲ್ಲಿ ನಾಲ್ಕು ಕಡೆ ಅಳೆಯಿಸಿ. ಒಂದು ಬದಿ ದಪ್ಪವಾಗಿ ಇನ್ನೊಂದು ತೆಳುವಾದರೆ ಚಿತ್ರದ ಒಂದು ಪಕ್ಕ ಮಾತ್ರ ಮಸುಕಾಗುತ್ತದೆ.

ಮದುವೆ ವಿಡಿಯೋ ತೆಗೆಯುತ್ತಿದ್ದ ಭುಜದ ಕ್ಯಾಮೆರಾ ಮೂಲೆಯಲ್ಲಿ ಬಿದ್ದಿದೆ. ಅದರ ಲೆನ್ಸ್?

ನಮ್ಮ ಸ್ಟುಡಿಯೋಗಳಲ್ಲಿ ಓಡಿದ ವಿಎಚ್‌ಎಸ್, ಡಿವಿ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಲೆನ್ಸ್ ಬಾಡಿಗೇ ಬೆಸೆದುಕೊಂಡಿರುತ್ತದೆ. ಬಿಚ್ಚಿದರೆ ಎರಡೂ ಹಾಳು. ಮುಂದೆ ಹಾಕುವ ವೈಡ್ ಅಟ್ಯಾಚ್‌ಮೆಂಟ್ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಸೂಪರ್ 8 ಜೂಮ್ ಮುಂದೆ, ಬೇರೆ ಬೇರೆ ವ್ಯಾಸದ ಥ್ರೆಡ್ ಜೋಡಿಸುವ ಸ್ಟೆಪ್ ರಿಂಗ್‌ನಿಂದ ಕೂರಿಸಿ ನೋಡಿ.

ಟಿವಿ ಚಾನೆಲ್ಲಿನವರ ದೊಡ್ಡ ಕ್ಯಾಮೆರಾದ್ದು ಬೇರೆ ಕಥೆ. ಅದು ಬಿ4 ಮೌಂಟ್, ಭುಜದಿಂದ 48 ಎಂಎಂ, ಬಿಚ್ಚಬಹುದು. ಜಾಗ ಬೇಕಾದಷ್ಟಿರುವುದರಿಂದ ಸಿ ಮೌಂಟ್ ಅಡಾಪ್ಟರ್ ಆಗುತ್ತದೆ. ಆದರೆ ಆ ಲೆನ್ಸ್ ಮಾಡಿರುವುದು ಕೆಂಪು, ಹಸಿರು, ನೀಲಿಯನ್ನು ಪ್ರಿಸಮ್‌ನಲ್ಲಿ ಬೇರೆ ಮಾಡಿ ಮೂರು ಸೆನ್ಸರಿಗೆ ಕಳಿಸುವ ಕ್ಯಾಮೆರಾಗೆ. ಒಂದೇ ಫಿಲ್ಮಿನ ಮೇಲೆ ಬಿದ್ದಾಗ ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ. ವೃತ್ತ 11 ಎಂಎಂ ಮಾತ್ರ. ಒಳಗಿರುವ 2ಎಕ್ಸ್, ಅಂದರೆ ಚಿತ್ರವನ್ನು ಎರಡು ಪಟ್ಟು ಮಾಡುವ ಗಾಜು, ಎಳೆದರೆ 22 ಆಗುತ್ತದೆ, ಜೊತೆಗೆ ಎರಡು ಸ್ಟಾಪ್ ಬೆಳಕು ಹೋಗಿ ಕಾಲು ಭಾಗ ಉಳಿಯುತ್ತದೆ. ಭಾರವನ್ನು ಸಿ ಥ್ರೆಡ್ ಮೇಲೆ ನೇತು ಹಾಕಬೇಡಿ, ಕೆಳಗೆ ರಾಡ್ ಕೊಟ್ಟು ಲೆನ್ಸನ್ನು ಹೊರಿಸಿ. ಇಷ್ಟೆಲ್ಲ ಒದ್ದಾಟಕ್ಕೆ ಬರುವ ಚಿತ್ರ ಸಾಲದು ಅನ್ನುವುದು ನನ್ನ ಅನಿಸಿಕೆ.

ಡಬಲ್ 8 ಕ್ಯಾಮೆರಾಗೆ?

ಅವು ಹೆಚ್ಚಾಗಿ ಡಿ ಮೌಂಟ್, 12.29 ಎಂಎಂ. ಸಿ ಲೆನ್ಸಿಗೆ 5.236 ಎಂಎಂ ದಪ್ಪದ ಅಡಾಪ್ಟರ್ ಸಾಕು. 25 ಎಂಎಂ ಲೆನ್ಸ್ ಅಲ್ಲಿ ಒಳ್ಳೆಯ ಟೆಲಿ ಆಗುತ್ತದೆ. ಕುಂದವಾಡ ಕೆರೆ ಹಕ್ಕಿಗಳಿಗೆ 50 ಹಾಕಿ. ಟ್ರೈಪಾಡ್ ಇಲ್ಲದೆ ಮಾತ್ರ ಹೋಗಬೇಡಿ.

35 ಎಂಎಂ ಸ್ಟಿಲ್ ಕ್ಯಾಮೆರಾಗೆ ಹಾಕಬಹುದಾ?

ಇಲ್ಲ. ವೃತ್ತವೂ ಸಾಲದು, ಇನ್ಫಿನಿಟಿಯೂ ಬರುವುದಿಲ್ಲ.

ಚಿತ್ರದುರ್ಗದ ಕೋಟೆ ತೆಗೆಯಬೇಕು. ಯಾವ ಲೆನ್ಸ್, ಎಷ್ಟು ಎಕ್ಸ್‌ಪೋಶರ್?

16 ಎಂಎಂಗೆ 25 ಎಂಎಂ ಸಾಮಾನ್ಯ ನೋಟ, ಅಡ್ಡಕ್ಕೆ ಸುಮಾರು 23 ಡಿಗ್ರಿ ಹಿಡಿಯುತ್ತದೆ. ಕೋಟೆಯಲ್ಲಿ ಅದೊಂದೇ ಸಾಲದು. ಬಾಗಿಲಿಂದ ಬಾಗಿಲಿಗೆ ತಿರುಗಿ ತಿರುಗಿ ಹೋಗುವ ದಾರಿಯಲ್ಲಿ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಅಲ್ಲಿ 10 ಅಥವಾ 12.5 ಬೇಕು. ಓಬವ್ವನ ಕಿಂಡಿ ಹತ್ತಿರವಂತೂ 8 ಎಂಎಂ ಇದ್ದರೂ ಜಾಸ್ತಿ ಅನ್ನಿಸುವುದಿಲ್ಲ. ಮೇಲೆ ಹತ್ತಿದ ಮೇಲೆ ಆಚೆ ಗುಡ್ಡದ ಗಾಳಿಯಂತ್ರ ತೆಗೆಯಲು 50 ಅಥವಾ 75. ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಟ್ರೈಪಾಡ್ ಒಯ್ಯುವ ಮುಂಚೆ ಅನುಮತಿ ಕೇಳಿಕೊಳ್ಳಿ.

ಎಕ್ಸ್‌ಪೋಶರ್ ವಿಷಯಕ್ಕೆ ಬಂದರೆ, ದುರ್ಗದ ಬಿಸಿಲಿಗೆ ಎಎಸ್‌ಎ 50ರ ಡೇಲೈಟ್ ಫಿಲ್ಮೇ ಸರಿ (ಎಎಸ್‌ಎ ಅಂದರೆ ಫಿಲ್ಮಿನ ಬೆಳಕಿನ ಸೂಕ್ಷ್ಮತೆ). ಬೋಲೆಕ್ಸ್ ರಿಫ್ಲೆಕ್ಸ್ ಸೆಕೆಂಡಿಗೆ 24 ಚೌಕಟ್ಟು ಓಡುವಾಗ ಶಟರ್ 1/65 ಆಸುಪಾಸು. ಎಫ್ 11 ಮತ್ತು 16ರ ನಡುವೆ ಬರುತ್ತದೆ. ಬಂಡೆ ಮೇಲೆ ಬಿಸಿಲು ನೇರ ಬಿದ್ದಾಗ ಮೀಟರನ್ನು ಬಂಡೆಗೆ ಹಿಡಿಯಬೇಡಿ. ನಿಮ್ಮ ಅಂಗೈಗೆ ಹಿಡಿದು ಅಳೆದು ಒಂದು ಸ್ಟಾಪ್ ಜಾಸ್ತಿ ಕೊಡಿ. ಎಎಸ್‌ಎ 500 ಫಿಲ್ಮ್ ಹಾಕಿ ಹೋದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಏನೂ ಮಾಡಲಾಗದು. ಎಫ್ 16ಕ್ಕಿಂತ ಮುಚ್ಚಿ ಸರಿಮಾಡುತ್ತೇನೆ ಅಂದರೂ ಇಷ್ಟು ಚಿಕ್ಕ ಚೌಕಟ್ಟಿನಲ್ಲಿ ಚಿತ್ರವೇ ಮೆತ್ತಗಾಗುತ್ತದೆ. ಸೂಪರ್ 8ರಲ್ಲಿ ಎಫ್ 11 ದಾಟದಿರುವುದು ಒಳ್ಳೆಯದು. ಸಿಸಿಟಿವಿ ಲೆನ್ಸಿನ ಮುಂದಿನ ಥ್ರೆಡ್ 27, 30.5, 35.5 ಹೀಗೆ ವಿಚಿತ್ರ ಅಳತೆಯದ್ದು. ಸ್ಟೆಪ್ ರಿಂಗ್ ಮೊದಲೇ ತರಿಸಿಟ್ಟುಕೊಳ್ಳಿ. ಬೋಲೆಕ್ಸ್ ರಿಫ್ಲೆಕ್ಸಿನಲ್ಲಿ ಲೆನ್ಸ್ ಹಿಂದೆ ಜೆಲಟಿನ್ ಫಿಲ್ಟರ್ ತೂರಿಸುವ ಸಂದು ಇದೆ. ಫಿಲ್ಟರ್ ಬೇಡದಿದ್ದರೂ ಖಾಲಿ ಹೋಲ್ಡರ್ ಅಲ್ಲಿರಲೇಬೇಕು, ಇಲ್ಲದಿದ್ದರೆ ಬೆಳಕು ನುಗ್ಗುತ್ತದೆ.

ವೇರಿಫೋಕಲ್ ಲೆನ್ಸಿನಲ್ಲಿ ಚಿತ್ರೀಕರಿಸುತ್ತಲೇ ಜೂಮ್ ಮಾಡಬಹುದಾ?

ಬೇಡ. ಜೂಮ್ ಬದಲಾದ ಕೂಡಲೇ ಫೋಕಸ್ ತಪ್ಪುತ್ತದೆ. ಶಾಟ್ ನಿಲ್ಲಿಸಿ, ಜೂಮ್ ಇಟ್ಟು, ಮತ್ತೆ ಫೋಕಸ್ ಮಾಡಿ.

ಗುಜರಿಯಲ್ಲಿ ಲೆನ್ಸ್ ಆರಿಸುವಾಗ ಏನು ನೋಡಬೇಕು?

ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಫಂಗಸ್. ನಮ್ಮ ಒಣ ಹವೆಯಲ್ಲಿದ್ದವಕ್ಕೆ ಇದು ಕಡಿಮೆ, ಮಲೆನಾಡು ಕರಾವಳಿಯಿಂದ ಬಂದವಕ್ಕೆ ಜಾಸ್ತಿ. ಧೂಳಿನ ಕಣಕ್ಕೆ ಹೆದರಬೇಡಿ. ಐರಿಸ್ ಎಲೆಗಳ ಮೇಲೆ ಎಣ್ಣೆ ಮಿನುಗಿದರೆ, ರಿಂಗ್ ಬಿಗಿಯಾಗಿದ್ದರೆ ಬಿಡಿ. ಬಣ್ಣ ಹೋಗಿದೆ, ಮೈ ತಗ್ಗಾಗಿದೆ ಅಂತ ಬಿಡಬೇಡಿ. ಹಿಂದಿನ ಥ್ರೆಡ್ ಮಾತ್ರ ಬೆರಳಾಡಿಸಿ ನೋಡಿ, ಅದು ನಜ್ಜಾಗಿದ್ದರೆ ನಿಮ್ಮ ಕ್ಯಾಮೆರಾದ ಥ್ರೆಡ್ಡನ್ನೂ ಕೆಡಿಸುತ್ತದೆ.

ಮೊದಲ ರೋಲಿನಲ್ಲಿ ಏನು ತೆಗೆಯಲಿ?

ಸಿನಿಮಾ ತೆಗೆಯಬೇಡಿ, ಲೆನ್ಸುಗಳನ್ನು ಪರೀಕ್ಷೆ ಮಾಡಿ. 100 ಅಡಿ ರೋಲ್ 24ರ ವೇಗದಲ್ಲಿ ಎರಡೂ ಮುಕ್ಕಾಲು ನಿಮಿಷ ಓಡುತ್ತದೆ. ಇಟ್ಟಿಗೆ ಗೋಡೆಯೊಂದರ ಮುಂದೆ ಟ್ರೈಪಾಡ್ ಹಾಕಿ, ಪ್ರತಿ ಲೆನ್ಸಿಗೂ ಪೂರ್ತಿ ತೆರೆದು ಐದು ಸೆಕೆಂಡ್, ಎಫ್ 4ರಲ್ಲಿ ಐದು, ಎಫ್ 8ರಲ್ಲಿ ಐದು. ಆಮೇಲೆ ದೂರದ ಟವರಿಗೆ ಐದು, ಅಳೆದು ನಿಲ್ಲಿಸಿದ ಎರಡು ಮೀಟರ್ ಮುಂದಿನ ಮನುಷ್ಯನಿಗೆ ಐದು. ಲೆನ್ಸಿನ ಹೆಸರು, ಅಪರ್ಚರ್ ಸ್ಲೇಟಿನ ಮೇಲೆ ಬರೆದು ಚೌಕಟ್ಟಿನೊಳಗೇ ಹಿಡಿಯಿರಿ. ರೋಲ್ ತೊಳೆಸಲು ಕೊರಿಯರ್‌ನಲ್ಲಿ ಹೊರಗೆ ಹೋಗಿ ಬರುವಷ್ಟರಲ್ಲಿ ಯಾವುದು ಯಾವುದೆಂದು ಮರೆತೇ ಹೋಗಿರುತ್ತದೆ.